ಹರಣಿಯ ಚೀಲದಲ್ಲಿ ಏನಿತ್ತು

ನಾಯಿಯ ಆಹಾರದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಮ್ಮೆಯ ಹೊಟ್ಟೆಯುಬ್ಬರ, ಎತ್ತಿನ ಗೊರಸು, ಕುರಿಯ ಜಂತು, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹತ್ತು ವರ್ಷ ಕಳೆದಿದ್ದ ಕಾಲ ಅದು. ಮಹಾಲಿಂಗಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಪಶು ಆಸ್ಪತ್ರೆಗೆ ನಾನೊಬ್ಬಳೇ ಡಾಕ್ಟರು. ನಾಯಿ ಬಂದರೆ ಲಸಿಕೆ ಚುಚ್ಚಿ ಕಳಿಸುತ್ತಿದ್ದೆ. ಅದು ಏನು ತಿನ್ನುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

ಬೇಸಿಗೆಯ ಬಿಸಿಲು ಏರತೊಡಗಿದ್ದ ಒಂದು ಬೆಳಿಗ್ಗೆ, ಊರಿನಲ್ಲಿ ಬೆಲ್ಲದ ಗಾಣ ನಡೆಸುವ ರೈತನೊಬ್ಬ ನಾಲ್ಕು ತಿಂಗಳ ಹೆಣ್ಣು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಮುಧೋಳ ಜಾತಿಯ ಮರಿ. ಉದ್ದ ಮೂತಿ, ಬಡಕಲು ಸೊಂಟ, ಕಂದು ಬಣ್ಣ. ಹೆಸರು ಹರಣಿ. ಮೇಜಿನ ಮೇಲೆ ನಿಲ್ಲಿಸಿದರೆ ಮುಂಗಾಲು ಎರಡೂ ಬಿಲ್ಲಿನಂತೆ ಹೊರಕ್ಕೆ ಬಾಗಿದವು. ಮಣಿಕಟ್ಟು ದಪ್ಪಗಾಗಿ ಊದಿತ್ತು. ಮುಟ್ಟಿದರೆ ಕುಯ್ಯೆನ್ನುತ್ತಿತ್ತು.

"ಬಾಯಾರ, ನಿಂದ್ರವಲ್ದು ನೋಡ್ರಿ. ಇದರವ್ವ ಹೆಂಗ ಓಡತಾಳ! ಇದಕ್ಕೇನಾತು?"

"ತಿನ್ನಾಕ ಏನ್ ಹಾಕ್ತೀರಿ?"

"ನಮ್ಮವ್ವ ಹಾಕ್ತಾಳ್ರಿ. ಜ್ವಾಳದ ರೊಟ್ಟಿ, ಮಜ್ಜಿಗಿ."

"ಹಾಲು?"

"ಹಾಲು ಡೇರಿಗಿ ಹೋಗತಾವ್ರಿ."

"ತತ್ತಿ?"

"ಶಿವಾ! ನಮ್ಮನ್ಯಾಗ ತತ್ತೀನ? ನನ್ನ ಮುಂದ ಅಂದ್ರಿ ಛಲೋ ಆತು, ನಮ್ಮವ್ವನ ಮುಂದ ಅನಬ್ಯಾಡ್ರಿ."

ಕಾಲು ಯಾಕೆ ಬಾಗಿದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಜೋಳದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಬೆಳೆಯುವ ಮರಿಗೆ ಬರೀ ಅದನ್ನೇ ಹಾಕಿದರೆ, ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಎಲುಬು ಮೆತ್ತಗಾಗಿ ಮೈಭಾರಕ್ಕೆ ಬಾಗುತ್ತದೆ. ಈಗಲೇ ಸರಿಯಾದ ಆಹಾರ ಕೊಟ್ಟರೆ ಬಹುಮಟ್ಟಿಗೆ ನೆಟ್ಟಗಾದೀತು. ಇನ್ನೆರಡು ಮೂರು ತಿಂಗಳು ಹೀಗೇ ಬಿಟ್ಟರೆ ಬಾಗಿದ್ದು ಬಾಗಿದಂತೆಯೇ ಗಟ್ಟಿಯಾಗುತ್ತದೆ, ಆಮೇಲೆ ಓಟ ಎಂಬುದು ಅದರ ಜನ್ಮದಲ್ಲಿ ಇಲ್ಲ. ಮಾಂಸ, ಮೊಟ್ಟೆ ಬಾರದ ಮನೆಯಲ್ಲಿ ಇದಕ್ಕೆ ಸುಲಭದ ದಾರಿ ಅಂಗಡಿಯಲ್ಲಿ ಸಿಗುವ ನಾಯಿಯ ಆಹಾರ ಎಂದು ನನಗೆ ತೋಚಿತು. "ಮಹಾಲಿಂಗಪುರದಾಗ ಗೊಬ್ಬರದ ಅಂಗಡಿಯವರು ಇಟ್ಟಾರಂತ, ತರ್ರಿ," ಎಂದು ಹೇಳಿ ಕಳಿಸಿದೆ. ಯಾವುದು, ಎಂಥದು ಎಂದು ಹೇಳಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲವಲ್ಲ!

ಮರುದಿನ ಅವರ ಮನೆಗೆ ಹೋದೆ. ಊರಿಗೆಲ್ಲ ಆಯಿ ಎನಿಸಿಕೊಂಡ ಅವನ ತಾಯಿ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಒಲೆಯ ಮುಂದೆ ಕುಳಿತಿದ್ದಳು. ಆಕೆಯ ಮೊಣಕಾಲುಗಳೂ ಸವೆದು ಬಾಗಿದ್ದವು. ಗೋಡೆ ಹಿಡಿದೇ ಓಡಾಡುತ್ತಿದ್ದಳು. ಆದರೆ ಹಂಚಿನಿಂದ ಇಳಿದ ಮೊದಲ ರೊಟ್ಟಿ ಮಗನಿಗೂ ಅಲ್ಲ, ಮೊಮ್ಮಕ್ಕಳಿಗೂ ಅಲ್ಲ, ಹರಣಿಗೆ. ಅದನ್ನು ಮುರಿದು, ಊದಿ ಊದಿ ಆರಿಸಿ, ಮಜ್ಜಿಗೆಯಲ್ಲಿ ಕಿವುಚಿ ಕೈಯಾರೆ ತಿನ್ನಿಸುತ್ತಿದ್ದಳು. ಪಕ್ಕದ ಮನೆಯ ಕುರಿಗಾರನ ನಾಯಿ ಹಾಕಿದ ಮರಿ ಅದು. ಕಣ್ಣು ಬಿಡುವ ಮೊದಲೇ ಇದು ನನ್ನದು ಎಂದು ಆಯಿ ಹೇಳಿಟ್ಟಿದ್ದಳಂತೆ.

ಮಗ ಹಳೆಯ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಕಂದು ಗುಳಿಗೆಗಳನ್ನು ಆಯಿ ಅಂಗೈಯಲ್ಲಿ ಹಿಡಿದು ನೋಡಿದಳು.

"ಬಾಯಾರ, ಇದರಾಗ ಏನೈತಿ?"

"ಗೋಧಿ, ಗೊಂಜಾಳ, ಸೋಯಾ. ಬಿಸ್ಕೀಟ ಇದ್ದಂಗ, ಆಯಿ."

ಗೋಧಿ, ಮೆಕ್ಕೆಜೋಳ, ಸೋಯಾ, ಹೇಳಿದ ಮೂರೂ ಅದರಲ್ಲಿ ಇದ್ದಿರಲೇಬೇಕು. ಇಂಥದರಲ್ಲಿ ಕೋಳಿಯ ಹುಡಿಯೂ ಇರುತ್ತದೆ ಎಂಬುದಷ್ಟು ನನಗೂ ಗೊತ್ತಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ. ಮರಿಯ ಕಾಲು ಮುಖ್ಯ, ಮಡಿಯ ಮಾತು ಆಮೇಲೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಯಿ ನಂಬಿದಳು. ಡಾಕ್ಟರು ಹೇಳಿದ ಮೇಲೆ ಮುಗಿಯಿತಲ್ಲ. ಗುಳಿಗೆಗಳನ್ನು ಮಜ್ಜಿಗೆಗೆ ಹಾಕಿ ತನ್ನ ಕೈಯಿಂದಲೇ ಕಿವುಚಿದಳು.

ನಾಲ್ಕನೆಯ ದಿನ ಮರಿ ವಾಂತಿ ಮಾಡತೊಡಗಿತು, ಜೊತೆಗೆ ನೀರಿನಂಥ ಭೇದಿ. ಸಲೈನ್ ಹಚ್ಚಿ, ಒಂದು ದಿನ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಏನು ತಪ್ಪಾಯಿತು ಎಂದು ಹುಡುಕಲು ಕುಳಿತೆ. ಒಂದು ತಪ್ಪು ಕಣ್ಣೆದುರಿಗೇ ಇತ್ತು. ಆಯಿ ಬೆಳಿಗ್ಗೆ ನೆನೆಸಿದ್ದನ್ನು ರೊಟ್ಟಿಯಂತೆಯೇ ಸಂಜೆಯವರೆಗೂ ಇಟ್ಟು ಇಟ್ಟು ತಿನ್ನಿಸಿದ್ದಳು. ಆ ಬಿಸಿಲಿಗೆ ಹುಳಿ ಮಜ್ಜಿಗೆಯಲ್ಲಿ ಅದು ನೊರೆಯೆದ್ದಿತ್ತು. ಇನ್ನೊಂದು ತಪ್ಪು ನನ್ನದು: ಒಂದೇ ದಿನಕ್ಕೆ ರೊಟ್ಟಿ ಬಿಡಿಸಿ ಹೊಸದನ್ನು ಹಾಕಿಸಿದ್ದೆ. ಮೂರನೆಯದು ಪೇಪರಿನ ಪೊಟ್ಟಣದಲ್ಲಿತ್ತು. ಮೂಗಿಗೆ ಹಿಡಿದರೆ ಕರಿದು ಕರಿದು ಸುಟ್ಟ ಎಣ್ಣೆಯ ವಾಸನೆ.

ಮಧ್ಯಾಹ್ನದ ಬಸ್ಸಿಗೇ ಮಹಾಲಿಂಗಪುರಕ್ಕೆ ಹೋದೆ. ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿಗಳ ನಡುವೆ ಮುಚ್ಚಳವಿಲ್ಲದ ತಗಡಿನ ಡ್ರಮ್ಮು. ಅದರಲ್ಲಿ ನಾಯಿಯ ಆಹಾರ, ಮೇಲೊಂದು ಅಳತೆಯ ಡಬ್ಬಿ.

"ಇದರ ಮ್ಯಾಲಿನ ಚೀಲ ಎಲ್ಲೈತ್ರಿ?"

"ಚೀಲ ಏನ್ಮಾಡ್ತೀರಿ ಬಾಯಾರ? ಅದು ಗಟ್ಟಿ ಮಾಲ್ ಐತಂತ ಸಿಮೆಂಟಿನ ಮ್ಯಾಲ ಹೊಚ್ಚೇನಿ," ಎಂದ ಅಂಗಡಿಯವನು.

ಹಿತ್ತಲಿಗೆ ಹೋಗಿ ಸಿಮೆಂಟಿನ ಮೇಲಿಂದ ಆ ಚೀಲ ಎಳೆದು, ಧೂಳು ಒರೆಸಿ ಓದಿದೆ. ಬೆಳೆದ ನಾಯಿಗಳಿಗೆ ಎಂದು ಬರೆದಿತ್ತು. ಬಳಸುವ ಅವಧಿ ದಾಟಿ ಎಷ್ಟೋ ತಿಂಗಳಾಗಿತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದುಂಟು. ಅವತ್ತು ಅಂಗಡಿಯವನು ಆ ಸಿಟ್ಟಿನ ರುಚಿ ನೋಡಿದ. "ಯೂರಿಯಾ ಚೀಲ ಹಿಂಗ ಒಡದು ಮಾರ್ತೀರೇನು? ನಾಯಿ ಅಂದ್ರ ಕೇಳಾವ್ರಿಲ್ಲಂತನ?" ಎಂದು ರಸ್ತೆಯವರೆಗೂ ಕೇಳುವಂತೆ ಕೂಗಾಡಿದೆ. ಅವನು ಪಾಪ, "ಎಲ್ಲಾರೂ ಬಿಡೀನ ಕೇಳ್ತಾರ್ರಿ, ಒಬ್ರೂ ಚೀಲ ಓದಾಕ ಬಂದಿಲ್ರಿ ಇಲ್ಲಿತನಾ," ಎಂದ. ಅದು ಖರೆ. ಓದದೆ ತರಿಸಿದವಳು ನಾನೇ. ಬಸ್ಸಿನಲ್ಲಿ ಬರುವಾಗ ಆ ಮಾತು ನನ್ನನ್ನು ಇಡೀ ದಾರಿ ಚುಚ್ಚಿತು.

ಕಾಲೇಜಿನಲ್ಲಿ ನಮಗೆ ಪಶು ಆಹಾರದ ಪಾಠ ಮಾಡಿದ್ದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಮೊದಲು ನಕ್ಕರು. ಆಮೇಲೆ, "ಚೀಲದ ಮುಂದಿನ ಚಿತ್ರ ನೋಡಬೇಡ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದು," ಎಂದು ಶುರು ಮಾಡಿದರು. ಯಾವ ವಯಸ್ಸಿನ ನಾಯಿಗೆ ಎಂದು ಇದೆಯೋ, ಪೂರ್ಣ ಆಹಾರವೋ ಇಲ್ಲ ಬಾಯಾಡಿಸುವ ತಿಂಡಿಯೋ ನೋಡು. ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ, ಅದು ಏನು ಎಂದು ಹೆಸರು ಹೇಳಿದ್ದಾರೋ, ಸುಮ್ಮನೆ ಮಾಂಸದ ಪದಾರ್ಥ ಎಂದು ತೇಲಿಸಿದ್ದಾರೋ ನೋಡು. ಮರಿಗಾದರೆ ಕ್ಯಾಲ್ಸಿಯಂ, ರಂಜಕ ಎರಡೂ ಅಂಕಿಯಲ್ಲಿ ಇರಬೇಕು, ಕ್ಯಾಲ್ಸಿಯಂ ಸ್ವಲ್ಪ ಮುಂದಿರಬೇಕು. ಪ್ರೋಟೀನು ಹೆಚ್ಚಿದೆ ಎಂದ ಮಾತ್ರಕ್ಕೆ ಮರುಳಾಗಬೇಡ. ತಯಾರಾದ ತಾರೀಖು ನೋಡು, ಹೊಲಿಗೆ ಬಿಚ್ಚದ ಚೀಲವನ್ನೇ ತೆಗೆದುಕೋ. "ಉಳಿದದ್ದನ್ನು ಮರಿಯ ಸಗಣಿ ನಿನಗೆ ಹೇಳುತ್ತದೆ," ಎಂದು ಮುಗಿಸಿದರು. ನಾಯಿಯದಕ್ಕೂ ಅವರು ಸಗಣಿ ಎಂದೇ ಅನ್ನುತ್ತಿದ್ದರು.

ಜಮಖಂಡಿಯಲ್ಲಿ ಒಂದು ಚೀಲ ಸಿಕ್ಕಿತು. ಬೆಳಗಾವಿಯಿಂದ ಬಸ್ಸಿನ ಮೇಲೆ ಇನ್ನೆರಡು ತರಿಸಿದೆ. ಮೂರನ್ನೂ ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ ಕುಳಿತೆ. ಮೊದಲನೆಯದರ ಮೇಲೆ ಬೆಳ್ಳಿಯ ಬಣ್ಣ, ಹೊಳೆಯುವ ನಾಯಿ. ಹಿಂದೆ ನೋಡಿದರೆ ಧಾನ್ಯದ ಪದಾರ್ಥ, ಮಾಂಸದ ಪದಾರ್ಥ, ಬಣ್ಣ. ಯಾವ ಧಾನ್ಯ, ಯಾವ ಮಾಂಸ? ಕ್ಯಾಲ್ಸಿಯಂ ಅಂಕಿಯೇ ಇಲ್ಲ. ಬದಿಗೆ ಸರಿಸಿದೆ. ಎರಡನೆಯದನ್ನು ಓದುತ್ತ ನನ್ನ ಎದೆ ಹಗುರಾಯಿತು: ಪೂರ್ತಿ ಸಸ್ಯಾಹಾರ. ಅಕ್ಕಿ, ಸೋಯಾ, ಬಟಾಣಿ, ಅಗಸೆ ಎಂದು ಒಂದೊಂದನ್ನೂ ಹೆಸರಿಸಿ ಬರೆದಿದ್ದರು, ಪೂರ್ಣ ಆಹಾರ ಎಂದೂ ಇತ್ತು. ಆಯಿಗೆ ತಲೆಯೆತ್ತಿ ಕೊಡಬಹುದು! ಕೊನೆಯ ಸಾಲಿಗೆ ಬಂದೆ. ಒಂದು ವರ್ಷ ದಾಟಿದ ನಾಯಿಗಳಿಗೆ ಮಾತ್ರ.

ಇದಕ್ಕೇ ಒಂದಿಷ್ಟು ಕ್ಯಾಲ್ಸಿಯಂ ಬೆರೆಸಿದರೆ ಹೇಗೆ ಎಂದು ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿದೆ. "ನಿನ್ನ ಅಂದಾಜು ತಪ್ಪಿದರೆ ಕಾಲು ಹೋಗುವುದು ಮರಿಯದು, ನಿನ್ನದಲ್ಲ," ಎಂದರು. ಮೂರನೆಯ ಚೀಲ ಬೆಳೆಯುವ ಮರಿಗಳದು. ಮೊದಲ ಹೆಸರೇ ಕೋಳಿ, ಆಮೇಲೆ ಅಕ್ಕಿ. ಅಂಕಿಗಳೆಲ್ಲ ಸರಿಯಾಗಿದ್ದವು, ತಯಾರಾಗಿ ಎರಡು ತಿಂಗಳೂ ಆಗಿರಲಿಲ್ಲ. ಹರಣಿಗೆ ಬೇಕಾದದ್ದು ಇದೇ. ಇದರಲ್ಲಿ ಅನುಮಾನವೇ ಇರಲಿಲ್ಲ.

ಈಗ ಹೇಳುವುದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ. ಆ ಚೀಲದ ಮೇಲೆ ಕೋಳಿಯ ಚಿತ್ರ ಇತ್ತು. ಆಸ್ಪತ್ರೆಯಲ್ಲಿ ಒಂದು ಖಾಲಿ ತಗಡಿನ ಡಬ್ಬಿ ಇತ್ತು. ಚೀಲವನ್ನು ಅದರಲ್ಲಿ ಸುರಿದು, ಚಿತ್ರವಿದ್ದ ಖಾಲಿ ಚೀಲ ಎಸೆದು, ಡಬ್ಬಿ ಹೊತ್ತು ಆಯಿಯ ಮನೆಗೆ ಹೊರಟೇಬಿಟ್ಟೆ. ಬೈದು ಬಂದ ಅಂಗಡಿಯವನಿಗೂ ನನಗೂ ಏನು ವ್ಯತ್ಯಾಸ?

ಹೋದಾಗ ಆಯಿ ಕೊಟ್ಟಿಗೆಯಲ್ಲಿ ಮರಿಯ ಪಕ್ಕ ಕುಳಿತಿದ್ದಳು. ಬಗ್ಗಲಾಗದ ಮೊಣಕಾಲು ಚಾಚಿಕೊಂಡು, ಭೇದಿ ಮಾಡಿದ್ದನ್ನು ಬೂದಿ ಹಾಕಿ ಬಳಿಯುತ್ತಿದ್ದಳು. ಬಳಿದು, ಮೂರು ಸಲ ಕೈ ತೊಳೆದು, ಕೊರಳಲ್ಲಿನ ಲಿಂಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಡಬ್ಬಿಗೆ ಕೈ ಚಾಚಿದಳು. ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಆಯಿ, ಮುಟ್ಟಬ್ಯಾಡ್ರಿ. ಇದರಾಗ ಕೋಳಿ ಐತಿ."

ಆಕೆ ನನ್ನ ಮುಖವನ್ನೇ ನೋಡಿದಳು. "ಅವತ್ತ ನಾ ಕಿವುಚಿದ್ದು, ಅದ್ರಾಗ?"

"ಹಿಂದಿಂದ್ರಾಗೂ ಇತ್ರಿ. ನನಗ ಗೊತ್ತಿತ್ತು. ಹೇಳಲಿಲ್ಲ. ತಪ್ಪಾತ್ರಿ."

ಮಗ ನಡುವೆ ಬಂದು, "ಹೋಗ್ಲಿ ಬಿಡ ಯವ್ವಾ, ಬಾಯಾರು ಒಳ್ಳೇದಕ್ಕ..." ಎಂದ. ಆಯಿ ಕೈ ಎತ್ತಿ ಅವನ ಬಾಯಿ ಮುಚ್ಚಿಸಿದಳು. ಗೋಡೆ ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡ ಸದ್ದು ಕೇಳಿಸಿತು. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಒದ್ದೆ ಕೂದಲಲ್ಲೇ ಹೊರಗೆ ಬಂದ ಆಯಿ ಹೇಳಿದಳು. "ನಾಯಿ ಖಂಡ ತಿನ್ನೂ ಜಾತಿ ಅಂತ ನನಗ ಗೊತ್ತಿಲ್ಲೇನ ತಂಗಿ? ನಾ ಏನ್ ಅದಕ್ಕ ದೀಕ್ಷಾ ಕೊಟ್ಟೇನೇನು? ನೀ ಹೇಳಿದ್ರ ಬ್ಯಾರೆ ದಾರಿ ನೋಡ್ತಿದ್ದೆ. ಹೇಳದ ನನ್ನ ಕೈಲೇ ಕಿವುಚಿಸಿದಿ. ಅದು ನೋಡು ಸೇರಲಿಲ್ಲ ನನಗ." ಆಕೆ ನನ್ನನ್ನು ಬಾಯಾರ ಎನ್ನಲಿಲ್ಲ. ಏಕವಚನಕ್ಕೆ ನನಗೆ ಬೇಸರವಿರಲಿಲ್ಲ, ಸಿಟ್ಟಿಲ್ಲದೆ ಹೇಳಿದ್ದಕ್ಕೆ ಅಳು ಬಂತು.

ದಾರಿಯನ್ನು ಆಕೆಯೇ ನೋಡಿದಳು. ಮೋಟುಗೋಡೆಯ ಆಚೆ ಕುರಿಗಾರನ ಅಂಗಳ. "ಏ ತಮ್ಮಾ, ಬಾರೋ ಇಲ್ಲೆ," ಎಂದು ಕರೆದು, ಮರಿಯನ್ನು ಸ್ವತಃ ಎತ್ತಿ ಗೋಡೆಯ ಮೇಲಿಂದ ಅವನ ಕೈಗೆ ಕೊಟ್ಟಳು. "ನಿಮ್ಮನ್ಯಾಗ ಕೋಳಿ ನಡೀತೈತಿ. ಇದರ ಕಾಲ ನೆಟ್ಟಗಾಗುತನಾ ನಿಮ್ಮಲ್ಲೇ ಉಣ್ಣಲಿ. ಬಾಯಾರು ಹೇಳಿದ್ದ ಬಿಟ್ಟು ಒಂದು ಕಾಳು ಬ್ಯಾರೆ ಹಾಕಬ್ಯಾಡ."

ಕುರಿಗಾರನಿಗೆ ನಗು. "ಆಯಿ, ಬೀರಪ್ಪನಾಣಿ, ನಮ್ಮ ನಾಯಿಗೋಳಿಗಿ ಯಾರೂ ಚೀಟಿ ಬರದು ಕೂಳು ಹಾಕಿಲ್ರಿ." ಆದರೆ ಮನುಷ್ಯ ಹಿಡಿದ ಕೆಲಸ ಬಿಡುವವನಲ್ಲ. ಒಂದು ಚಹಾ ಲೋಟಕ್ಕೆ ಸುಣ್ಣದಿಂದ ಗೆರೆ ಎಳೆದುಕೊಟ್ಟೆ. ಮೊದಲೆರಡು ದಿನ ಮುಕ್ಕಾಲು ಪಾಲು ರೊಟ್ಟಿ, ಕಾಲು ಪಾಲು ಹೊಸದು. ಆಮೇಲೆ ಅರ್ಧರ್ಧ. ವಾರಕ್ಕೆ ಪೂರ್ತಿ. ದಿನಕ್ಕೆ ಮೂರು ಹೊತ್ತು, ಬೆಚ್ಚನೆಯ ನೀರಿನಲ್ಲಿ ನೆನೆಸಿ ಆಗಲೇ ತಿನ್ನಿಸಬೇಕು, ಉಳಿದರೆ ಚೆಲ್ಲಬೇಕು. ಡಬ್ಬಿಯ ಬಾಯಿ ಮುಚ್ಚಿ ನೆರಳಲ್ಲಿಡಬೇಕು. ಚೀಲವನ್ನು ಆಸ್ಪತ್ರೆಯ ಕಸದಿಂದ ನಾನೇ ಆಯ್ದು ತಂದು, ಕೋಳಿಯ ಚಿತ್ರದ ಸಮೇತ ಅವನ ಗೋಡೆಗೆ ತೂಗುಹಾಕಿದೆ.

ಪ್ರತಿ ಸೋಮವಾರ ಗಾಣದಲ್ಲಿ ಬೆಲ್ಲದ ಪೆಂಟಿ ತೂಗುವ ತಕ್ಕಡಿಯ ಮೇಲೆ ಹರಣಿಯನ್ನು ತೂಗುತ್ತಿದ್ದೆವು. ಕುರಿಗಾರ ಅದನ್ನು ಎತ್ತಿಕೊಂಡು ನಿಲ್ಲುವುದು, ಆಮೇಲೆ ಅವನೊಬ್ಬನೇ ನಿಲ್ಲುವುದು, ನಾನು ಕಳೆದು ಬರೆದುಕೊಳ್ಳುವುದು. ಭೇದಿ ನಿಂತು ಮಲ ಗಟ್ಟಿಯಾಯಿತು. ಮೂರು ವಾರಕ್ಕೆ ನೋವು ಇಳಿಯಿತು. ಆದರೆ ಐದನೆಯ ವಾರದಿಂದ ಮಣಿಕಟ್ಟಿನ ಊತ ಇಳಿಯದೆ ಇದ್ದಲ್ಲೇ ನಿಂತಿತು, ಹಸಿವೂ ಕುಂದಿತು. ಅಳತೆ ಸರಿ, ಚೀಲ ಸರಿ. ನನಗೆ ತಲೆ ಕೆಟ್ಟು ಹೋಯಿತು. ಕೊನೆಗೆ ಕುರಿಗಾರನೇ ಹಿಂಜರಿಯುತ್ತ ಹೇಳಿದ: ಗಾಣದ ಸಾಹುಕಾರ, ಅಂದರೆ ಆಯಿಯ ಮಗ, ದಿನಾ ಸಂಜೆ ಬಂದು, ಈದ ಎಮ್ಮೆಗೆ ಕುಡಿಸುವ ಕ್ಯಾಲ್ಸಿಯಂ ಔಷಧಿಯನ್ನು ಮರಿಯ ಬಾಯಿಗೆ ಹನಿಸುತ್ತಾನೆ!

"ಲಗೂನ ಗಟ್ಟಿ ಆಗ್ಲಿ ಅಂತ್ರಿ ಬಾಯಾರ," ಎಂದ ಮಗ, ತಲೆ ತಗ್ಗಿಸಿ.

"ಎಮ್ಮಿ ಮಾಡಬೇಕಂದಿ ಏನು ಇದನ್ನ? ಕಡಿಮಿ ಆದ್ರೂ ಕಾಲು ಕೆಡತೈತಿ, ಹೆಚ್ಚಾದ್ರೂ ಕೆಡತೈತಿ. ಎಲ್ಲಾ ಅಳದು ಹಾಕ್ಯಾರ ಚೀಲದಾಗ. ಇನ್ನೊಮ್ಮೆ ಆ ಬಾಟ್ಲಿ ಕಂಡಿತಂದ್ರ ನಿನ್ನ ಬಾಯಿಗೇ ಸುರೀತೇನಿ." ಗೋಡೆಯ ಆಚೆ ಆಯಿ ನಕ್ಕದ್ದು ಕೇಳಿಸಿತು. ಕೋಳಿಯ ದಿನದ ನಂತರ ಆಕೆ ನಕ್ಕದ್ದು ಅದೇ ಮೊದಲು.

ಬಾಟಲಿ ನಿಂತಿತು, ಬಿಸಿಲಲ್ಲಿ ದಿನಾ ಅಡ್ಡಾಡಿಸತೊಡಗಿದರು. ಮಳೆಗಾಲ ಬಂದು ಹಿಪ್ಪರಗಿಯ ಕಡೆ ಹೊಳೆ ತುಂಬುವ ಹೊತ್ತಿಗೆ ಹರಣಿಯ ಕಾಲು ಬಹುಮಟ್ಟಿಗೆ ನೆಟ್ಟಗಾಗಿತ್ತು. ಎಡಗಾಲಿನಲ್ಲಿ ಮಾತ್ರ ಗೊತ್ತಿದ್ದವರಿಗೆ ಕಾಣುವಷ್ಟು ಸೊಟ್ಟ ಉಳಿಯಿತು. ಇನ್ನೊಂದು ಬದಲಾವಣೆಯನ್ನು ನಾನು ಎಣಿಸಿರಲಿಲ್ಲ. ಹರಣಿ ಕುರಿಗಾರನ ಮನೆಯದಾಯಿತು. ಅಲ್ಲೇ ಉಂಡು, ಅಲ್ಲೇ ತಾಯಿಯ ಮಗ್ಗುಲಲ್ಲಿ ಮಲಗಿ, ಅವನ ಕುರಿಗಳ ಹಿಂದೆ ಕಾಲುವೆಯ ದಂಡೆಗೆ ಹೋಗಿ ಬರುತ್ತಿತ್ತು. ಆಯಿ ಬೆಳಿಗ್ಗೆ ಮೊದಲ ರೊಟ್ಟಿ ತಟ್ಟಿ ಹಂಚಿನಿಂದ ಇಳಿಸಿ ಬದಿಗಿಡುತ್ತಿದ್ದಳು. ಹಾಕುವ ಹಾಗಿಲ್ಲ, ನಾನೇ ಬೇಡ ಎಂದಿದ್ದೆ. ಅದು ಎಮ್ಮೆಗೆ ಹೋಗುತ್ತಿತ್ತು. ಸೊಸೆ ಇದನ್ನು ನನ್ನ ಕಿವಿಯಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಕಾಲು ಉಳಿಸಿದೆ, ನಾಯಿಯನ್ನು ಆಕೆಯಿಂದ ಕಿತ್ತುಕೊಂಡೆ ಎನಿಸಿತು.

ಸೀಗೆ ಹುಣ್ಣಿಮೆಯ ಹೊತ್ತಿಗೆ ಹರಣಿಗೆ ವರ್ಷ ತುಂಬಿತು. ನಾನು ಆ ಎರಡನೆಯ ಬಗೆಯ ಆಹಾರವನ್ನು, ಬೆಳೆದ ನಾಯಿಗಳ ಸಸ್ಯಾಹಾರವನ್ನು, ಹೊಸದಾಗಿ ತರಿಸಿದೆ. ಹೊಲಿಗೆ ಬಿಚ್ಚದೆ, ಹೆಗಲ ಮೇಲೆ ಹೊತ್ತು, ಆಯಿಯ ಮುಂದೆ ಇಳಿಸಿದೆ.

ಆಯಿ ಚೀಲವನ್ನು ಮುಟ್ಟಲಿಲ್ಲ. "ಓದ್ರಿ," ಎಂದಳು.

ಓದಿದೆ. ಅಕ್ಕಿ. ಸೋಯಾ. ಬಟಾಣಿ. ಅಗಸಿ. ಬಾಯಿ ತಿರುಗದ ಇಂಗ್ಲಿಷ್ ಹೆಸರುಗಳು ಬಂದಲ್ಲೆಲ್ಲ ಆಯಿ "ಅದೇನು?" ಎಂದು ಕೇಳಿದಳು, ಇದು ಜೀವಸತ್ವ, ಇದು ಉಪ್ಪು, ಇದು ಕೆಡದಂತೆ ಹಾಕುವುದು ಎಂದು ಹೇಳಿದೆ. ಒಂದು ಹೆಸರು ನನಗೆ ತಿಳಿಯಲಿಲ್ಲ. "ಇದು ಗೊತ್ತಿಲ್ಲ ಆಯಿ, ಕೇಳಿ ಹೇಳ್ತೇನಿ," ಎಂದು ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅದು ಗಿಡದಿಂದ ತೆಗೆದದ್ದೇ ಎಂದು ತಿಳಿದ ಮೇಲೆ ಉಳಿದ ಸಾಲು ಮುಗಿಸಿದೆ. ಅಷ್ಟೂ ಹೊತ್ತು ಆಯಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿ, "ಬಿಚ್ಚರಿ ಬಾಯಾರ," ಎಂದು, ಮೊಣಕೈವರೆಗೂ ಚೀಲದೊಳಗೆ ಕೈ ಹಾಕಿದಳು.

ಹಳೆಯದು ಮುಕ್ಕಾಲು, ಹೊಸದು ಕಾಲು. ಜೊತೆಗೆ ನನ್ನ ಕಡೆ ನೋಡಿ, ಅಂಗೈಯಗಲ ರೊಟ್ಟಿ. ನಾನು ತಲೆಯಾಡಿಸಿದೆ. ಕುರಿಗಾರನಲ್ಲಿ ಉಳಿದಿದ್ದ ಹಳೆಯದನ್ನು ಅವನೇ ತಂದು ಬಟ್ಟಲಿಗೆ ಸುರಿದ, ಆಯಿ ಅದನ್ನು ಮುಟ್ಟದೆ ಮೇಲಿಂದ ತನ್ನ ಪಾಲು ಹಾಕಿ ಕರೆದಳು.

"ಹರಣೀ! ಬಾರ ಬೇ!"

ಅದು ಗೋಡೆಯ ಮೇಲೆ ಮುಂಗಾಲು ಇಟ್ಟು ನೋಡಿತು. ಬರುತ್ತದೋ ಇಲ್ಲವೋ ತಿಳಿಯಲಿಲ್ಲ. ಒಂದೇ ಜಿಗಿತಕ್ಕೆ ಈಚೆ ಬಂತು. ರೊಟ್ಟಿಯ ತುಂಡನ್ನು ಮೊದಲು ಹೆಕ್ಕಿ ತಿಂದು, ಬಟ್ಟಲು ನೆಕ್ಕಿ, ಆಯಿಯ ಒದ್ದೆ ಕೈಯನ್ನು ನೆಕ್ಕಿತು. ಆಕೆ ಅದರ ಬೆನ್ನ ಮೇಲೆ ಕೈಯಿಟ್ಟಳೋ ಇಲ್ಲವೋ, ಆಚೆ ಕುರಿಗಾರ ಕುರಿ ಬಿಟ್ಟ ಸದ್ದಾಯಿತು. ಹರಣಿ ಕಿವಿ ನಿಮಿರಿಸಿ ಗೋಡೆ ಹಾರಿ ಹೊರಟುಹೋಯಿತು. ಕಬ್ಬಿನ ಹೊಲದ ಬದುವಿನ ಮೇಲೆ, ಕಾಲು ನೆಲಕ್ಕೆ ತಾಗಿದ್ದೇ ಕಾಣದಂತೆ ಓಡಿತು.

"ಆಯಿ, ಕರೀಲೇನು ತಿರುಗಿ?" ಎಂದೆ.

ಆಯಿ ನನ್ನ ಭುಜ ಹಿಡಿದು ಎದ್ದು ನಿಂತಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

"ಯಾಕ ಕರೀತೀರಿ? ನಾಳಿ ಮುಂಜಾನಿ ರೊಟ್ಟಿ ಹೊತ್ತಿಗಿ ಬರ್ತೈತಿ. ಆ ಕಾಲ ನೋಡ್ರಿ ಬಾಯಾರ. ಆ ಕಾಲ ನೋಡ್ರಿ ಮೊದಲ."